ಕೇರಂ ಬೋರ್ಡು ಮತ್ತು ಬೇಸಿಗೆ ನೆಗಡಿ

ಬೇಸಿಗೆ ನೆಗಡಿ ಅಂದ್ರೆ ನಮ್ಮ ಮನೆಯಲ್ಲಿ ಸ್ವಲ್ಪ ಭಯವೇ. ಕಾರಣ ಅಮ್ಮ. ಅವರಿಗೆ ಉಬ್ಬಸ ಇದೆ. ನಮಗೆ ವಾರ, ಹತ್ತು ದಿನ ಮೂಗು ಸೋರಿ ಹೋಗುವ ನೆಗಡಿ ಅವರಿಗೆ ಸೀದಾ ಎದೆಗೆ ಇಳಿಯುತ್ತದೆ. ಆಮೇಲೆ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಬೇಕು. ಅದನ್ನು ನೋಡಿದವರಿಗೆ ನೆಗಡಿ ಸಣ್ಣ ಕಾಯಿಲೆ ಅನ್ನಿಸುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ಅಕ್ಕನ ಮಕ್ಕಳಿಬ್ಬರೂ ರಜೆಗೆ ದಾವಣಗೆರೆಯಿಂದ ಜಯನಗರದ ನಮ್ಮ ಮನೆಗೆ ಬಂದರು. ಬಂದ ಮಾರನೇ ದಿನವೇ ಚಿಕ್ಕವನಿಗೆ ಸೀನು ಶುರುವಾಯಿತು. ಮೊದಲು ನನಗೆ ಧೂಳಿನ ಅಲರ್ಜಿ ಇರಬೇಕು ಅನ್ನಿಸಿತು. ನಮ್ಮ ಪಕ್ಕದ ಖಾಲಿ ಸೈಟ್ ತುಂಬ ಕಾಂಗ್ರೆಸ್ ಗಿಡ. ಅದರ ಪರಾಗಕ್ಕೆ ಮೂಗು ಸೋರುವವರು ಈ ಊರಲ್ಲಿ ಬೇಕಾದಷ್ಟು ಜನ. ಆದರೆ ಅಲರ್ಜಿಯಾದರೆ ಕಣ್ಣು, ಮೂಗು ತುರಿಸುತ್ತವೆ, ಜ್ವರ ಬರುವುದಿಲ್ಲ. ಇವನಿಗೆ ತುರಿಕೆ ಇರಲಿಲ್ಲ, ಗಂಟಲು ನೋವಿತ್ತು, ಮೈ ಬೆಚ್ಚಗಿತ್ತು. ನೆಗಡಿಯೇ.

"ನಿನ್ನೆ ಐಸ್‌ಕ್ಯಾಂಡಿ ತಿಂದಿದ್ದಕ್ಕೇ ಹಿಂಗಾಗಿರೋದು" ಅಂದರು ಅಮ್ಮ. ಹುಡುಗನ ಮುಖ ಸಪ್ಪಗಾಯಿತು. ಪಾಪ, ಅವನ ತಪ್ಪೇನಿಲ್ಲ. ನೆಗಡಿ ತರುವುದು ವೈರಸ್. ಇನ್ನೂರಕ್ಕೂ ಹೆಚ್ಚು ಬಗೆ ಇವೆ. ಅದಕ್ಕೇ ಇದಕ್ಕೊಂದು ಲಸಿಕೆ ಇಲ್ಲ. ಅಮ್ಮನಿಗೆ ವರ್ಷಕ್ಕೊಮ್ಮೆ ಹಾಕಿಸುವುದು ಫ್ಲೂ ಲಸಿಕೆ, ಅದು ಬೇರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೇ ಒಂದು ಕೇಂದ್ರ ಶುರುವಾಗಿತ್ತು. ಅಲ್ಲಿ ಜನರನ್ನು ಒದ್ದೆ ಮಾಡಿ ಚಳಿಗಾಳಿಯಲ್ಲಿ ನಿಲ್ಲಿಸಿ ನೋಡಿದರು. ಅಷ್ಟಕ್ಕೇ ಅವರಿಗೆ ನೆಗಡಿ ಜಾಸ್ತಿಯೇನೂ ಆಗಲಿಲ್ಲ. ಇದನ್ನು ಹೇಳಿದರೆ ಅಮ್ಮ ಪೂರ್ತಿ ಒಪ್ಪುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತಾರೆ. ನಾನೂ ವಾದಕ್ಕೆ ಹೋಗುವುದಿಲ್ಲ.

ಮಧ್ಯಾಹ್ನ ಬಿಸಿಲೋ ಬಿಸಿಲು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡ ಮೇಲೆ ನಮ್ಮಂಥವರ ಮನೆಗೂ ಎಸಿ ಬಂತು. ಮಕ್ಕಳು ಎಸಿ ರೂಮಿನ ಬಾಗಿಲು ಹಾಕಿಕೊಂಡು ಕೇರಂ ಹರಡಿದರು. ಅಮ್ಮನೂ ಅಲ್ಲೇ ಮಂಚದ ಮೇಲೆ ಕೂತು ಆಟಕ್ಕೆ ಸೇರಿಕೊಂಡರು.

ನಾನು ಮಜ್ಜಿಗೆ ಹಿಡಿದು ಒಳಗೆ ಹೋದೆ. ಚಿಕ್ಕವನು ಮೂಗನ್ನು ಬೆರಳಲ್ಲಿ ಒರೆಸಿಕೊಂಡ. ಅದೇ ಬೆರಳಲ್ಲಿ ಸ್ಟ್ರೈಕರ್ ಇಟ್ಟು ಹೊಡೆದ. ರೆಡ್ ಬೀಳಲಿಲ್ಲ. ಸ್ಟ್ರೈಕರನ್ನು ಅಜ್ಜಿಯ ಕಡೆ ತಳ್ಳಿದ. ಅಮ್ಮ ಅದನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕನ್ನಡಕ ಸರಿ ಮಾಡಿಕೊಂಡು, ಸ್ಟ್ರೈಕರ್ ಹಿಡಿದ ಕೈಯಿಂದಲೇ ಕಣ್ಣಿನ ಮೂಲೆ ಉಜ್ಜಿಕೊಂಡರು. ಎಲ್ಲ ಒಂದೇ ನಿಮಿಷದಲ್ಲಿ. ನೆಗಡಿ ಮನೆಯಲ್ಲಿ ಹೀಗೇ ಅಲ್ವಾ ಓಡಾಡುವುದು? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಕಣ್ಣು, ಮೂಗಿಗೆ. ಬಾಗಿಲು ಹಾಕಿದ ರೂಮಾದರೆ ಸೀನಿದ ಗಾಳಿಯೂ ಅಲ್ಲಲ್ಲೇ ಸುತ್ತುತ್ತಿರುತ್ತದೆ.

ಆಟ ನಿಲ್ಲಿಸಲು ಮನಸ್ಸು ಬರಲಿಲ್ಲ. ಮೊಮ್ಮಕ್ಕಳ ಜೊತೆ ಆಡಲು ಅಮ್ಮ ವರ್ಷವಿಡೀ ಕಾಯುತ್ತಾರೆ. ಎಸಿ ಆರಿಸಿ, ಎರಡೂ ಕಡೆ ಕಿಟಕಿ ತೆಗೆದು ಫ್ಯಾನ್ ಹಾಕಿದೆ. ಬೋರ್ಡನ್ನು ಹಾಲ್‌ಗೆ ತಂದು ಚಿಕ್ಕವನ ಕೈಯಲ್ಲಿ ಸ್ಕೋರ್ ಬರೆಯುವ ಪುಸ್ತಕ ಕೊಟ್ಟೆ. ಅಮ್ಮನ ಕುರ್ಚಿ ಬಾಗಿಲ ಹತ್ತಿರ, ಅವನದು ಆ ತುದಿಗೆ.

"ಚಿಕ್ಕಮ್ಮ, ನಾನು ಆಡೋದೇ ಬೇಡ್ವಾ?" ಅಂತ ಅಳು ಮುಖ ಮಾಡಿದ.

"ಮೂಗು ಸೋರೋದು ನಿಲ್ಲಲಿ ಪುಟ್ಟ, ಆಮೇಲೆ ಅಜ್ಜಿ ನಿನ್ನ ಜೊತೆಗೇ ಆಡ್ತಾರೆ" ಅಂದೆ. ನೆಗಡಿ ಜಾಸ್ತಿ ಹರಡುವುದು ಮೊದಲ ಎರಡು, ಮೂರು ದಿನ. ಅಷ್ಟು ದಿನ ತಡೆದುಕೊಂಡರೆ ಸಾಕಿತ್ತು. ಒಂದೊಂದು ಬೋರ್ಡ್ ಮುಗಿದಾಗಲೂ ಎಲ್ಲರೂ ಸೋಪು ಹಾಕಿ, ಇಪ್ಪತ್ತು ಎಣಿಸುವವರೆಗೆ ಕೈ ಉಜ್ಜಬೇಕು ಅಂತ ಮಾಡಿದೆವು. ಎಣಿಸುವ ಕೆಲಸ ಅವನದೇ. ಅಜ್ಜಿಗೂ ವಿನಾಯಿತಿ ಕೊಡಲಿಲ್ಲ! ಅವನ ಟವೆಲ್, ಲೋಟ ಬೇರೆ ಇಟ್ಟೆ. ಸೀನು ಬಂದರೆ ಮೊಣಕೈ ಮಡಚಿ ಅಡ್ಡ ಹಿಡಿ ಅಂತ ತೋರಿಸಿಕೊಟ್ಟೆ.

ಸಂಜೆ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಹುಡುಗನಿಗೆ ಆ್ಯಂಟಿಬಯೋಟಿಕ್ ಬೇಡ, ಅದು ವೈರಸ್‌ಗೆ ನಾಟುವುದಿಲ್ಲ, ನೀರು ಚೆನ್ನಾಗಿ ಕುಡಿಸಿ ಅಂದರು. ಅಮ್ಮನ ಇನ್‌ಹೇಲರ್ ಒಂದು ಹೊತ್ತೂ ತಪ್ಪಬಾರದು, ಉಸಿರಲ್ಲಿ ಸಿಳ್ಳೆಯಂಥ ಸದ್ದು ಕೇಳಿದರೆ ಕಾಯದೆ ಕರೆದುಕೊಂಡು ಬನ್ನಿ ಅಂತಲೂ ಹೇಳಿದರು.

ಆಮೇಲೆ ದೊಡ್ಡವಳಿಗೆ ಹತ್ತಿಕೊಂಡಿತು. ಅಣ್ಣ ತಮ್ಮ, ಅಕ್ಕ ತಂಗಿ ಒಂದೇ ಹಾಸಿಗೆಯಲ್ಲಿ ಮಲಗುವಾಗ ತಪ್ಪಿಸುವುದು ಕಷ್ಟ. ಅಮ್ಮನಿಗೆ ಮಾತ್ರ ಬರಲಿಲ್ಲ. ಕೈ ತೊಳೆದದ್ದಕ್ಕೇ ಬರಲಿಲ್ಲ ಅಂತ ಆಣೆ ಮಾಡಿ ಹೇಳಲಾರೆ, ಆದರೂ ನಮ್ಮ ಮನೆಯಲ್ಲಿ ಆ ಪದ್ಧತಿ ಹಾಗೇ ಉಳಿದಿದೆ.

ಈ ವರ್ಷವೂ ಮಕ್ಕಳು ಬರುತ್ತಾರೆ. ಯಾರಿಗಾದರೂ ನೆಗಡಿ ಇದ್ದರೆ ಹೊರಡುವ ಮುಂಚೆಯೇ ಹೇಳು, ವಾಸಿಯಾದ ಮೇಲೆ ಕಳಿಸಿದರಾಯ್ತು, ರಜೆ ಇನ್ನೂ ಉದ್ದ ಇದೆ ಅಂತ ಅಕ್ಕನಿಗೆ ಈಗಲೇ ಹೇಳಿಟ್ಟಿದ್ದೇನೆ.