ಲೇಖನ ಎಷ್ಟು ಉದ್ದವಿರಬೇಕು?

ಕೃಷಿಯ ಬಗ್ಗೆ ಬರೆಯತೊಡಗಿದ ಕಿರಿಯರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದೊಂದನ್ನೇ: ಲೇಖನಕ್ಕೆ ಎಷ್ಟು ಪದಗಳಿರಬೇಕು, ಮುನ್ನೂರು ಸಾಕೇ, ಸಾವಿರ ಹೆಚ್ಚಾಯಿತೇ? ಪದಗಳ ಸಂಖ್ಯೆಯನ್ನು ಆಮೇಲೆ ನೋಡಿಕೊಳ್ಳಬಹುದು, ಓದುವವರು ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಹೊರಟಾಗ ಇದನ್ನು ಓದುತ್ತಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ ಎಂಬುದು ನನ್ನ ಉತ್ತರ.

ಮಳೆಗಾಲದಲ್ಲಿ ಎಳೆಗಾಯಿಗಳನ್ನು ಕೊಳೆಸಿ ಉದುರಿಸುವ ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳೋಣ. ಮಳೆ ಹಿಡಿಯುವ ಮುನ್ನ ಗೊನೆಗಳಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ, 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುವುದು ರೂಢಿಯ ಕ್ರಮ. ಡ್ರಮ್ಮಿಗೆ ನೀರು ತುಂಬಿಸಿ, ಮರ ಹತ್ತುವ ಕೊನೆಗಾರರಿಗಾಗಿ ಕಾಯುತ್ತಿರುವ ಬೆಳೆಗಾರರಿಗೆ ಬೇಕಾದದ್ದು ಇಷ್ಟೇ: 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು, ಕಬ್ಬಿಣದ ಪಾತ್ರೆ ಬಳಸಬಾರದು, ಕಲಸಿದ್ದನ್ನು ಅಂದೇ ಮುಗಿಸಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ.

ಇದಕ್ಕೆ ನೂರೈವತ್ತು ಪದಗಳು ಧಾರಾಳವಾಗಿ ಸಾಕು. ಆದರೆ ಜಾಗ ಉಳಿಸಲು ಹೊರಟವರು ಮೊದಲು ಕತ್ತರಿಸುವುದು ಕಾರಣಗಳನ್ನು, ಅಲ್ಲಿ ನನ್ನ ತಕರಾರಿದೆ. ಸುಣ್ಣ ಕಡಿಮೆಯಾದರೆ ಕರಗಿ ಉಳಿದ ತಾಮ್ರ ಎಳೆಗಾಯಿಯನ್ನು ಸುಡಬಹುದು ಎಂಬ ಒಂದು ವಾಕ್ಯವಿಲ್ಲದಿದ್ದರೆ, ಕೆಲಸದ ಗಡಿಬಿಡಿಯಲ್ಲಿ ಚೂರಿಯ ಪರೀಕ್ಷೆಯನ್ನು ಯಾರಾದರೂ ಬಿಟ್ಟುಬಿಡುತ್ತಾರೆ. ಯಾವ ಕಾರಣವನ್ನು ತೆಗೆದರೆ ಓದುವವರು ಒಂದು ಹೆಜ್ಜೆಯನ್ನು ಹಗುರವಾಗಿ ಕಾಣುತ್ತಾರೋ ಅದು ಉಳಿಯಲೇಬೇಕು. ಉಳಿದ ಪೀಠಿಕೆ, ಹೊಗಳಿಕೆ, ಅಡಿಕೆಯ ಮಹತ್ವದ ಮಾತುಗಳೆಲ್ಲ ಹೋಗಲಿ.

ಅದೇ ಬೆಳೆಗಾರರು ಬೇಸಿಗೆಯಲ್ಲಿ ಕುಳಿತು, ಎರಡು ಸಲ ಮದ್ದು ಸಿಂಪಡಿಸಿದರೂ ಕೊಳೆ ಏಕೆ ಬಂತು ಎಂದು ಯೋಚಿಸುವಾಗ ಅವರಿಗೆ ಬೇರೆಯದೇ ಲೇಖನ ಬೇಕು. ರೋಗ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬಿಟ್ಟೂಬಿಡದ ಮಳೆಯ ತಂಪಿನಲ್ಲಿ ಹೇಗೆ ಬೆಳೆಯುತ್ತದೆ, ಹನಿಗಳ ಸಿಡಿತದಿಂದ ಗೊನೆಯಿಂದ ಗೊನೆಗೆ ಹೇಗೆ ದಾಟುತ್ತದೆ, ಕೊಳೆತ ಗೊನೆಯನ್ನು ಮರದಲ್ಲೇ ಬಿಟ್ಟರೆ ಮುಂದಿನ ವರ್ಷಕ್ಕೆ ಏನಾಗುತ್ತದೆ ಎಂಬುದನ್ನು ಅಲ್ಲಿ ಬಿಡಿಸಿ ಹೇಳಬೇಕು. ಗೊನೆಗಳಿಗೆ ಕರಡದ, ಅಂದರೆ ಒಣಹುಲ್ಲಿನ, ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ಹಿರಿಯರ ಕ್ರಮವೂ, 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ರೂಪುಗೊಂಡ ಈ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಗೆ ಶಿಫಾರಸು ಮಾಡಿದ ಸಂಗತಿಯೂ ಅಲ್ಲಿ ಅಲಂಕಾರವಲ್ಲ. ಗೊನೆಯನ್ನು ರೋಗ ಮುಟ್ಟುವ ಮೊದಲೇ ಕಾಯಬೇಕು ಎಂಬ ಒಂದೇ ಮಾತನ್ನು ಎರಡೂ ಹೇಳುತ್ತವೆ. ಅಂಥ ಲೇಖನ ಸಾವಿರದೈನೂರು ಪದ ದಾಟಿದರೂ ನಾನು ಆಕ್ಷೇಪಿಸುವುದಿಲ್ಲ.

ಅಳತೆ ಹೊರಗಿನಿಂದಲೇ ಬರುವ ಸಂದರ್ಭವೂ ಉಂಟು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸಿದರೆ ಕನ್ನಡದಲ್ಲಿ ಬರೆದಾಗ ಮಿತಿ 70ಕ್ಕೆ ಇಳಿಯುತ್ತದೆ, ಒತ್ತಕ್ಷರವೂ ಗುಣಿತದ ಚಿಹ್ನೆಯೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಮೈಲುತುತ್ತ ಎಂಬುದೊಂದೇ ಅದರಲ್ಲಿ ಒಂಬತ್ತನ್ನು ನುಂಗುತ್ತದೆ. ಅಷ್ಟರಲ್ಲಿ ದ್ರಾವಣದ ವಿಧಾನವನ್ನು ತುರುಕುವುದು ಅಪಾಯಕರ. ಸಿಂಪಡಣೆಯ ಹೊತ್ತು ಬಂತು ಎಂದಷ್ಟೇ ತಿಳಿಸಿ, ಪ್ರಮಾಣವನ್ನು ಪೂರ್ತಿಯಾಗಿ ಬೇರೆಡೆ ಕೊಡುವುದು ಸರಿ.

ಬರೆದಾದ ಮೇಲೆ ಅದನ್ನು ಕೆಲಸ ಮಾಡುವವರೊಬ್ಬರ ಕೈಗೆ ಕೊಟ್ಟು, ಅದರಂತೆ ಕಲಸಲು ಹೇಳಿ, ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಅವರು ತಲೆಯೆತ್ತಿ ನಿಮ್ಮನ್ನು ಏನಾದರೂ ಕೇಳಿದರೆ ಅಲ್ಲಿ ಒಂದು ವಾಕ್ಯ ಸೇರಿಸಿ. ಕಣ್ಣು ಹಾಯಿಸಿ ದಾಟಿದ ಸಾಲುಗಳನ್ನು ಹೊಡೆದುಹಾಕಿ.