ರಾತ್ರಿ ಭಜನೆಯ ವಿಡಿಯೋಗಳಲ್ಲಿ ಸಿಂಕ್ ತಪ್ಪುವುದೇಕೆ

ಕಲಬುರಗಿ ಸುತ್ತಲಿನ ಗುಡಿ, ಮಠಗಳಲ್ಲಿ ರಾತ್ರಿಯಿಡೀ ನಡೆಯುವ ತತ್ವಪದದ ಭಜನೆಗಳನ್ನು ಈಗ ಹೆಚ್ಚಾಗಿ ಮೊಬೈಲ್‌ನಲ್ಲೇ ಚಿತ್ರೀಕರಿಸುತ್ತಾರೆ. ಹಳೆಯ ಪದಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ಕಡಿಮೆಯಾಗುತ್ತಿರುವುದರಿಂದ ಈ ದಾಖಲೆಗಳ ಬಗ್ಗೆ ನನಗೆ ಬಹಳ ಕಾಳಜಿ. ಪರಿಚಿತರು ಕಳಿಸುವ ಫೈಲುಗಳನ್ನು ಪೆನ್‌ಡ್ರೈವ್ ಮೂಲಕ ಟಿ.ವಿ.ಯಲ್ಲಿ ನೋಡುವಂತೆ ಪರಿವರ್ತಿಸಿ ಕೊಡುತ್ತೇನೆ. ಮೂಲ ಫೈಲಿನಲ್ಲಿ ಸರಿಯಾಗಿದ್ದ ದೃಶ್ಯ ಮತ್ತು ಧ್ವನಿ ಪರಿವರ್ತನೆಯ ನಂತರ ಹೊಂದದೆ ಹೋಗುವುದು, ಅಂದರೆ ಸಿಂಕ್ ತಪ್ಪುವುದು, ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ತೊಡಕು.

ಮೊದಲು ನೋಡಬೇಕಾದದ್ದು, ದೃಶ್ಯಕ್ಕೂ ಧ್ವನಿಗೂ ನಡುವಿನ ಈ ಅಂತರ ಆರಂಭದಿಂದ ಕೊನೆಯವರೆಗೆ ಅಷ್ಟೇ ಇದೆಯೋ ಅಥವಾ ಬರುಬರುತ್ತಾ ಹೆಚ್ಚಾಗುತ್ತದೆಯೋ ಎಂಬುದನ್ನು. ಅದನ್ನು ನೋಡದೆ ಧ್ವನಿಯನ್ನು ಹಿಂದೆ ಮುಂದೆ ಸರಿಸಿದರೆ ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ತಪ್ಪುತ್ತದೆ. ಅಳೆಯಲು ಭಜನೆಯಲ್ಲೇ ಒಳ್ಳೆಯ ಗುರುತಿದೆ: ಎಡಿಟಿಂಗ್ ತಂತ್ರಾಂಶದಲ್ಲಿ ಒಂದೊಂದೇ ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಸರಿಸುತ್ತ, ತಾಳದ ಎರಡು ಬಟ್ಟಲುಗಳು ಕೂಡುವ ಫ್ರೇಮನ್ನು ಹುಡುಕಿದರೆ, ಕೆಳಗಿನ ಧ್ವನಿಪಟ್ಟಿಯಲ್ಲಿ ಅದೇ ಪೆಟ್ಟು ಸೂಜಿಯಂತೆ ಎದ್ದು ಕಾಣುತ್ತದೆ. ದ್ರುತಗತಿಯಲ್ಲಿ ಒಂದು ಪೆಟ್ಟನ್ನು ಇನ್ನೊಂದೆಂದು ಭ್ರಮಿಸುವ ಸಂಭವವಿರುವುದರಿಂದ, ಪದ ನಿಂತು ಮತ್ತೆ ಶುರುವಾಗುವಾಗಿನ ಮೊದಲ ಪೆಟ್ಟನ್ನೇ ಆರಿಸಿಕೊಳ್ಳುವುದು ಕ್ಷೇಮ. ದೃಶ್ಯದ ಪೆಟ್ಟಿಗೂ ಧ್ವನಿಯ ಪೆಟ್ಟಿಗೂ ನಡುವೆ ಎಷ್ಟು ಫ್ರೇಮ್‌ಗಳಿವೆ ಎಂದು ಎಣಿಸಿದರೆ ಅಂತರ ಸಿಗುತ್ತದೆ; ಸೆಕೆಂಡಿಗೆ 25 ಫ್ರೇಮ್‌ಗಳಿರುವ ವಿಡಿಯೋದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಇದೇ ಅಳತೆಯನ್ನು ಫೈಲಿನ ಕೊನೆಯ ಭಾಗದಲ್ಲೂ ಮಾಡಬೇಕು.

ಎರಡೂ ಕಡೆ ಅಂತರ ಒಂದೇ ಆಗಿದ್ದರೆ ಕೆಲಸ ಸುಲಭ. ವಿಡಿಯೋ ನೋಡುವ ತಂತ್ರಾಂಶವಾದ ವಿಂಡೋಸ್‌ನ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ಧ್ವನಿಯನ್ನು 50 ಮಿಲಿಸೆಕೆಂಡ್‌ನಂತೆ ಸರಿಸುತ್ತವೆ; ಆದರೆ ಅದು ನೋಡುವ ಹೊತ್ತಿಗಷ್ಟೇ. ಶಾಶ್ವತವಾಗಿ ಸರಿಪಡಿಸಲು, ದೃಶ್ಯ ಮತ್ತು ಧ್ವನಿಯನ್ನು ಒಂದೇ ಫೈಲಿನಲ್ಲಿ ಕೂಡಿಸುವ ಎಂಕೆವಿಟೂಲ್‌ನಿಕ್ಸ್ ತಂತ್ರಾಂಶದಲ್ಲಿ ಧ್ವನಿಯ ವಿಳಂಬವನ್ನು ಮಿಲಿಸೆಕೆಂಡ್‌ಗಳಲ್ಲಿ ಬರೆದರೆ ಸಾಕು, ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡಬೇಕಾಗಿಲ್ಲ, ಅಂದರೆ ಹೊಸದಾಗಿ ಪರಿವರ್ತಿಸಬೇಕಾಗಿಲ್ಲ.

ಅಂತರ ಬೆಳೆಯುತ್ತಿದ್ದರೆ ದೋಷ ಬಹುತೇಕ ಫ್ರೇಮ್ ದರದ್ದು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್‌ಗಳು ಎಂಬ ಲೆಕ್ಕದ್ದು. ಬೆಳಕು ಕಡಿಮೆಯಾದಾಗ ಅನೇಕ ಮೊಬೈಲ್‌ಗಳು ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ತೆಗೆದುಕೊಳ್ಳಲೆಂದು ಫ್ರೇಮ್ ದರವನ್ನು ತಾವಾಗಿಯೇ ಇಳಿಸುತ್ತವೆ. ಗುಡಿಯ ಅಂಗಳದ ಒಂದೇ ಬಲ್ಬಿನ ಬೆಳಕಿನಲ್ಲಿ ನಡೆಯುವ ಭಜನೆಗಂತೂ ಇದು ತಪ್ಪಿದ್ದಲ್ಲ. ಪ್ರತಿ ಫ್ರೇಮ್ ಯಾವ ಕ್ಷಣದಲ್ಲಿ ಕಾಣಬೇಕೆಂಬುದು ಫೈಲಿನಲ್ಲಿ ದಾಖಲಾಗಿರುತ್ತದೆಯಾದರೂ, ಕೆಲವು ತಂತ್ರಾಂಶಗಳು ಅದನ್ನು ಗಮನಿಸದೆ ಎಲ್ಲ ಫ್ರೇಮ್‌ಗಳನ್ನೂ ಸೆಕೆಂಡಿಗೆ 30ರಂತೆ ಜೋಡಿಸಿಬಿಡುತ್ತವೆ. ಒಂದು ಗಂಟೆಯ ಭಜನೆಯಲ್ಲಿ ಸರಾಸರಿ ದರ 29.5 ಇದ್ದರೆ ಒಟ್ಟು 1,06,200 ಫ್ರೇಮ್‌ಗಳಾಗುತ್ತವೆ. 30ರ ದರದಲ್ಲಿ ಅವು 59 ನಿಮಿಷಕ್ಕೇ ಮುಗಿಯುತ್ತವೆ. ಧ್ವನಿ ಮಾತ್ರ ಪೂರ್ತಿ ಒಂದು ಗಂಟೆ ಇರುವುದರಿಂದ, ಮಂಗಳಾರತಿಯ ಹೊತ್ತಿಗೆ ದೃಶ್ಯ ಸುಮಾರು ಒಂದು ನಿಮಿಷ ಮುಂದೆ ಓಡಿರುತ್ತದೆ.

ಫೈಲಿನ ವಿವರಗಳನ್ನು ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ಮೂಲ ಫೈಲನ್ನು ತೆರೆದರೆ ಫ್ರೇಮ್ ದರ ಸ್ಥಿರವೋ ಬದಲಾಗುವಂಥದ್ದೋ ಎಂಬುದು ತಿಳಿಯುತ್ತದೆ. ಬದಲಾಗುವಂಥದ್ದಾದರೆ, ಎಡಿಟಿಂಗ್‌ಗೆ ಮೊದಲೇ ಅದನ್ನು ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶಕ್ಕೆ ಕೊಟ್ಟು, ವಿಡಿಯೋ ವಿಭಾಗದಲ್ಲಿ 30ರ ದರವನ್ನೂ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ (ಸ್ಥಿರ ಫ್ರೇಮ್ ದರ) ಎಂಬುದನ್ನೂ ಆರಿಸಬೇಕು. ಅದು ಕೊರತೆಯಾದ ಕಡೆ ಫ್ರೇಮನ್ನು ಪುನರಾವರ್ತಿಸಿ ಕಾಲದ ಲೆಕ್ಕವನ್ನು ಉಳಿಸಿಕೊಳ್ಳುತ್ತದೆ. ಆಗಲೇ ಕೆಟ್ಟಿರುವ ಫೈಲಿನ ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ. ದರ ಎಲ್ಲ ಕಡೆ ಒಂದೇ ರೀತಿ ಇಳಿದಿರುವುದಿಲ್ಲ, ಅಲ್ಲದೆ ಹಾಡುವವರ ಲಯವೇ ಕೆಡುತ್ತದೆ. ಆದ್ದರಿಂದ ಮೊಬೈಲ್‌ನಲ್ಲಿರುವ ಮೂಲವನ್ನು ಅಳಿಸಬೇಡಿರೆಂದು ಎಲ್ಲರಿಗೂ ಮೊದಲೇ ಹೇಳುತ್ತೇನೆ.

ಸರಿಪಡಿಸಿದ ಫೈಲನ್ನು ಆರಂಭ, ನಡು, ಕೊನೆ ಮೂರೂ ಕಡೆ ಪರೀಕ್ಷಿಸಬೇಕು. ಆಗ ಬ್ಲೂಟೂತ್ ಸ್ಪೀಕರ್ ಬೇಡ; ಅದು ತಾನೇ ಧ್ವನಿಯನ್ನು ತಡವಾಗಿ ಕೇಳಿಸುವುದುಂಟು, ಸರಿಯಾದ ಫೈಲು ಕೂಡ ತಪ್ಪಾಗಿ ಕಾಣುತ್ತದೆ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡೇ ತಾಳದ ಪೆಟ್ಟನ್ನು ನೋಡಬೇಕು.