"ವಿಮಾನದಾಗ ನಿಮ್ಮನ್ನ ಹತ್ತಿಸ್ಕೊಂತಾರೇನ್ರಿ?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ತಂಗಿಯ ಜೊತೆ ಸಿಂಗಪುರ ನೋಡಿ ಬಂದ ಮೇಲೆ ಕೊಪ್ಪಳದಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು. ಕಿರಾಣಿ ಅಂಗಡಿಯವರು ಕೇಳುತ್ತಾರೆ, ಬ್ಯಾಂಕಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ. "ಅಕ್ಕಾರ, ವಿಮಾನದಾಗ ನಿಮ್ಮನ್ನ ಹತ್ತಿಸ್ಕೊಂತಾರೇನ್ರಿ?" ಸುಮ್ನೆ ಕುತೂಹಲಕ್ಕೆ ಕೇಳುವವರೂ ಇದ್ದಾರೆ. ಆದರೆ ಮನೆಯಲ್ಲಿ ನನ್ನಂಥ ಮಗಳೋ ತಮ್ಮನೋ ಇದ್ದು, ಅವರಿಗಾಗಿ ಕೇಳುವವರೇ ಜಾಸ್ತಿ. ನಿಂತಲ್ಲೇ ಎರಡು ಮಾತಲ್ಲಿ ಮುಗಿಸುವಂಥದ್ದಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಚಿಕ್ಕಂದಿನಲ್ಲೇ ಎರಡೂ ಕಾಲಿಗೆ ಪೋಲಿಯೋ ಆಯಿತು. ನಮ್ಮ ದೇಶದಲ್ಲಿ ಕೊನೆಯ ಪೋಲಿಯೋ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮದು ಪೋಲಿಯೋ ಮುಕ್ತ ದೇಶ ಅಂತ ಹೇಳಿತು. ಆದರೆ ಅದಕ್ಕೂ ಮುಂಚೆ ಹುಟ್ಟಿದ ನಾವು ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಸಿಂಧನೂರು ಎಲ್ಲ ಕಡೆ ಇದ್ದೇವೆ. ಮನೆಯೊಳಗೆ, ಆಫೀಸಿನೊಳಗೆ ನಾನು ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆಯಾಗಿ ಕಟ್ಟುವ ಲೋಹದ ಪಟ್ಟಿ, ಹಾಕಿಕೊಂಡು ಊರುಗೋಲು ಹಿಡಿದು ಓಡಾಡುತ್ತೇನೆ. ದೂರ ಹೋಗಬೇಕೆಂದರೆ ವೀಲ್‌ಚೇರ್ ಬೇಕು. ಮೆಟ್ಟಿಲು ಹತ್ತಲು ಆಗುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಲು ಕಾರಣ ಇದೆ, ಮುಂದೆ ಬರುತ್ತದೆ.

ಪ್ರಶ್ನೆಗೆ ನೇರ ಉತ್ತರ: ಹೌದು, ಹತ್ತಿಸಿಕೊಳ್ಳುತ್ತಾರೆ. ಹತ್ತಿಸಿಕೊಳ್ಳಲೇಬೇಕು. ಇದು ಯಾರದೋ ಒಳ್ಳೆಯ ಮನಸ್ಸಿನ ಮೇಲೆ ನಿಂತ ವಿಷಯ ಅಲ್ಲ. ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎ ಇದಕ್ಕೆಂದೇ ನಿಯಮ ಮಾಡಿದೆ. ಈ ಹಕ್ಕಿಗಾಗಿ ಕಷ್ಟಪಟ್ಟವರೂ ಇದ್ದಾರೆ. ಕೋಲ್ಕತ್ತಾದ ಜೀಜಾ ಘೋಷ್ ಅವರಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗುವುದಿಲ್ಲ. 2012ರ ಫೆಬ್ರುವರಿಯಲ್ಲಿ ಗೋವಾದ ಒಂದು ಸಮ್ಮೇಳನಕ್ಕೆ ಹೊರಟಿದ್ದ ಅವರನ್ನು ಸೀಟಿನಲ್ಲಿ ಕೂತ ಮೇಲೆ ವಿಮಾನದಿಂದ ಕೆಳಗಿಳಿಸಿದರು. ಅವರು ಸುಮ್ಮನೆ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 2016ರಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ವಿಮಾನ ಕಂಪನಿ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ಅಂಗವಿಕಲ ಮಗುವೊಂದನ್ನು ಹತ್ತಿಸಿಕೊಳ್ಳಲಿಲ್ಲ, ಆ ಕಂಪನಿಗೆ ಡಿಜಿಸಿಎ 5 ಲಕ್ಷ ದಂಡ ಹಾಕಿತು. ಅದಾದ ಮೇಲೆ ನಿಯಮ ಇನ್ನೂ ಬಿಗಿಯಾಯಿತು. ಪ್ರಯಾಣದಲ್ಲಿ ಆರೋಗ್ಯ ಕೆಡಬಹುದು ಅಂತ ಕಂಪನಿಗೆ ಅನಿಸಿದರೆ ಮೊದಲು ವೈದ್ಯರಿಂದ ನೋಡಿಸಬೇಕು, ಆಮೇಲೂ ಹತ್ತಿಸಿಕೊಳ್ಳುವುದಿಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಕೌಂಟರಿನಲ್ಲಿ ನಿಂತವರು ನೋಡಿದ ಕೂಡಲೇ ಬೇಡ ಅನ್ನುವ ಹಾಗಿಲ್ಲ. ನಮ್ಮ ಆರೋಗ್ಯ ಸರಿಯಾಗಿದ್ದರೆ, ಕಾಲು ನಡೆಯುವುದಿಲ್ಲ ಅನ್ನುವುದಕ್ಕೇ ಡಾಕ್ಟರ್ ಸರ್ಟಿಫಿಕೇಟ್ ಕೇಳುವ ಹಾಗೂ ಇಲ್ಲ.

ಆದರೆ ಹಕ್ಕು ಇದೆ ಅಂದಮಾತ್ರಕ್ಕೆ ಎಲ್ಲ ತಾನಾಗೇ ಆಗುವುದಿಲ್ಲ. ನಾವು ಹೇಳಬೇಕು, ಮುಂಚೆಯೇ ಹೇಳಬೇಕು, ಬರೆದು ಹೇಳಬೇಕು. ನಮ್ಮವರಿಗೆ ಕಷ್ಟ ಆಗುವುದೇ ಇಲ್ಲಿ. ನನ್ನಂಥ ಮಕ್ಕಳು ಬೆಳೆಯುವುದೇ "ಇರ್ಲಿ ಬಿಡವ್ವ, ಸುಧಾರಿಸ್ಕೋ" ಅನ್ನುವ ಮಾತು ಕೇಳುತ್ತಾ. ಶಾಲೆಯಲ್ಲಿ ಶೌಚಾಲಯ ದೂರ, ಸುಧಾರಿಸ್ಕೋ. ಬಸ್ಸಿನ ಮೆಟ್ಟಿಲು ಎತ್ತರ, ಯಾರಾದರೂ ಎತ್ತುತ್ತಾರೆ ಸುಧಾರಿಸ್ಕೋ. ಹಾಗೆ ಬೆಳೆದವರಿಗೆ ಫೋನು ಎತ್ತಿ "ನನಗೆ ಇದು ಬೇಕು" ಅನ್ನುವಾಗ ಗಂಟಲು ಕಟ್ಟುತ್ತದೆ. ವಿಮಾನದ ವಿಷಯದಲ್ಲಿ ಮಾತ್ರ ದಯವಿಟ್ಟು ಸುಧಾರಿಸಿಕೊಳ್ಳಬೇಡಿ. ನೀವು ಹೇಳದೇ ಹೋದರೆ ಬಂದು ನಿಲ್ಲುವುದು ತಪ್ಪು ಕುರ್ಚಿ, ತಪ್ಪು ಸೀಟು, ಮೆಟ್ಟಿಲು ಇರುವ ಬಾಗಿಲು.

ಟಿಕೆಟ್ ತೆಗೆಯುವಾಗ ಸಹಾಯಕ್ಕೆ ಮೂರು ಬಗೆಯ ಕೋಡ್ ಇರುತ್ತವೆ. ಡಬ್ಲ್ಯುಸಿಎಚ್‌ಆರ್ ಅಂದರೆ ದೂರ ನಡೆಯಲು ಮಾತ್ರ ಆಗುವುದಿಲ್ಲ, ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲು ಆಗುವುದಿಲ್ಲ, ಆದರೆ ವಿಮಾನದೊಳಗೆ ಸೀಟಿನವರೆಗೆ ಹೇಗೋ ನಡೆಯುತ್ತಾರೆ. ಡಬ್ಲ್ಯುಸಿಎಚ್‌ಸಿ ಅಂದರೆ ಸೀಟಿನವರೆಗೂ ಕುರ್ಚಿಯಲ್ಲೇ ಕರೆದುಕೊಂಡು ಹೋಗಬೇಕು. ಏಜೆಂಟರು ಸಾಮಾನ್ಯವಾಗಿ "ವೀಲ್‌ಚೇರ್ ಬೇಕಾ? ಹಾಕಿದೀನಿ ಬಿಡಿ" ಅಂತ ಮೊದಲನೆಯದನ್ನು ಒತ್ತಿಬಿಡುತ್ತಾರೆ. ಯಾವುದು ಹಾಕಿದ್ದಾರೆ ಅಂತ ಕೇಳಿ ನೋಡಿ. ಹೊರಡುವುದಕ್ಕೆ ಕನಿಷ್ಠ 48 ಗಂಟೆ ಮುಂಚೆ ತಿಳಿಸಬೇಕು ಅನ್ನುವುದು ನಿಯಮ. ನಾನು ಟಿಕೆಟ್ ತೆಗೆದ ದಿನವೇ ಇಮೇಲ್ ಮಾಡುತ್ತೇನೆ.

ಆ ಇಮೇಲ್‌ನಲ್ಲಿ ಏನು ಬರೆಯುತ್ತೇನೆ ಅಂತಲೂ ಹೇಳುತ್ತೇನೆ, ಯಾಕಂದರೆ ತುಂಬಾ ಜನ ಅದನ್ನೇ ಕೇಳುತ್ತಾರೆ. ನಾನು ಕ್ಯಾಲಿಪರ್ ಹಾಕುತ್ತೇನೆ, ಅದರಲ್ಲಿ ಲೋಹ ಇದೆ. ಮೆಟ್ಟಿಲು ಹತ್ತಲಾರೆ. ಏರೋಬ್ರಿಡ್ಜ್ (ನಿಲ್ದಾಣದಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಮುಚ್ಚಿದ ದಾರಿ) ಇಲ್ಲದಿದ್ದರೆ ಅಂಬುಲಿಫ್ಟ್ ಬೇಕು, ಅಂದರೆ ಕುರ್ಚಿ ಸಮೇತ ವಿಮಾನದ ಬಾಗಿಲ ಎತ್ತರಕ್ಕೆ ಏರಿಸುವ ಗಾಡಿ. ನನ್ನನ್ನು ಕೈಯಲ್ಲಿ ಎತ್ತಬೇಡಿ. ಒಳಗೆ ಸೀಟುಗಳ ನಡುವಿನ ಕಿರಿದಾದ ದಾರಿಗೆ, ಅಂದರೆ ಐಲ್‌ಗೆ, ಸಣ್ಣ ಐಲ್ ಚೇರ್ ಬೇಕು. ನನ್ನ ಸ್ವಂತ ವೀಲ್‌ಚೇರ್ ವಿಮಾನದ ಬಾಗಿಲವರೆಗೆ ನನ್ನ ಬಳಿ ಇರಲಿ, ಇಳಿಯುವಾಗಲೂ ಬಾಗಿಲಲ್ಲೇ ಸಿಗಲಿ. ಅದರ ಅಳತೆ ಇಷ್ಟು, ತೂಕ ಇಷ್ಟು, ಮಡಚುತ್ತದೆ, ಬ್ಯಾಟರಿ ಇಲ್ಲ. ಕೈಹಿಡಿ ಎತ್ತಬಹುದಾದ, ಶೌಚಾಲಯಕ್ಕೆ ಹತ್ತಿರದ ಐಲ್ ಸೀಟು ಬೇಕು. ಇಷ್ಟೇ. ಅಳುವ ಮಾತು ಇಲ್ಲ, ಬೇಡುವ ಮಾತೂ ಇಲ್ಲ. ಅವರ ಉತ್ತರ ಬಂದ ಮೇಲೆ ಎರಡನ್ನೂ ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ಮುಂದಿನ ಸಾಲಿನ ಸೀಟಿನಲ್ಲಿ ಕಾಲಿಗೆ ಜಾಗ ಜಾಸ್ತಿ ಇರುತ್ತದೆ ನಿಜ, ಆದರೆ ಅಲ್ಲಿ ಕೈಹಿಡಿ ಮೇಲೇಳುವುದಿಲ್ಲ. ಪಕ್ಕಕ್ಕೆ ಜರುಗಿ ಕೂರುವವರಿಗೆ ಅದು ಕಷ್ಟ.

ಈ ಪ್ರಿಂಟ್ ನನಗೆ ಕೆಲಸಕ್ಕೆ ಬಂದಿದೆ. ಚೆಕ್-ಇನ್‌ನಲ್ಲಿ ಒಬ್ಬರು ನನ್ನನ್ನು ನೋಡದೆ ತಂಗಿಯನ್ನು ಕೇಳಿದರು, "ಇವರು ಎದ್ದು ನಿಲ್ತಾರಾ?" ತಂಗಿ ಶಾಂತವಾಗಿ "ಅಕ್ಕನ್ನೇ ಕೇಳಿ" ಅಂದಳು. ಆಮೇಲೆ ನನ್ನ ವೀಲ್‌ಚೇರ್ ಇಲ್ಲೇ ಲಗೇಜಿಗೆ ಹಾಕಬೇಕು, ನಿಲ್ದಾಣದ ಕುರ್ಚಿಯಲ್ಲಿ ಕೂರಿ ಅಂದರು. ಆ ಕುರ್ಚಿಯನ್ನು ನಾನೇ ತಳ್ಳಿಕೊಳ್ಳಲು ಆಗುವುದಿಲ್ಲ. ತಳ್ಳುವವರು ಎಲ್ಲಿ ನಿಲ್ಲಿಸಿ ಹೋದರೋ ಅಲ್ಲೇ ಇರಬೇಕು. ನೀರು ಬೇಕಾದರೂ, ಶೌಚಾಲಯ ಬೇಕಾದರೂ ಕಾಯಬೇಕು. ನಾನು ಪ್ರಿಂಟ್ ತೆಗೆದು ಮುಂದಿಟ್ಟೆ. ಓದಿದರು, ಯಾರಿಗೋ ಫೋನ್ ಮಾಡಿದರು, ಕುರ್ಚಿಗೆ ಚೀಟಿ ಕಟ್ಟಿ ಬಾಗಿಲವರೆಗೂ ಬಿಟ್ಟರು.

ಸೆಕ್ಯೂರಿಟಿಯಲ್ಲಿ ಕ್ಯಾಲಿಪರ್ ಕೂಗುತ್ತದೆ. ಕೂಗಲಿ. ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ಪರದೆ ಹಿಂದೆ ಪರೀಕ್ಷಿಸುತ್ತಾರೆ. ಸ್ಫೋಟಕದ ಗುರುತು ಹಿಡಿಯಲು ಬಟ್ಟೆಯ ತುಂಡಿನಂಥದ್ದನ್ನು ಕ್ಯಾಲಿಪರ್ ಮೇಲೆ ಒರೆಸಿ ಯಂತ್ರಕ್ಕೆ ಇಡುತ್ತಾರೆ. ಬಿಚ್ಚಿ ಅಂದರೆ ಮೊದಲು ಆ ಪರೀಕ್ಷೆ ಮಾಡಿ ಅಂತ ಕೇಳಿ. ನಟಿ, ನೃತ್ಯಗಾರ್ತಿ ಸುಧಾ ಚಂದ್ರನ್ ಅವರಿಗೆ ಪ್ರತಿ ಸಲ ಕೃತಕ ಕಾಲು ಬಿಚ್ಚಿಸುತ್ತಿದ್ದರು. 2021ರಲ್ಲಿ ಅವರು ವಿಡಿಯೋ ಮಾಡಿ ಪ್ರಧಾನಿಯವರಿಗೇ ಹೇಳಿಕೊಂಡರು, ಭದ್ರತಾ ಪಡೆ ಕ್ಷಮೆ ಕೇಳಿತು. ಅವರಂಥವರು ಬಾಯಿ ಬಿಟ್ಟಿದ್ದರಿಂದ ನಮ್ಮಂಥವರಿಗೂ ಒಂದು ಧೈರ್ಯ.

ಇನ್ನು ಹೆಂಗಸರು ದನಿ ತಗ್ಗಿಸಿ ಕೇಳುವ ಪ್ರಶ್ನೆ, ಶೌಚಾಲಯ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಸಿಂಗಪುರಕ್ಕೆ ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಆಸುಪಾಸು. ಸಣ್ಣ ವಿಮಾನದ ಶೌಚಾಲಯದಲ್ಲಿ ಇಬ್ಬರು ನಿಲ್ಲಲು ಜಾಗ ಇರುವುದಿಲ್ಲ. ಕೆಲವು ವಿಮಾನಗಳಲ್ಲಿ ಒಳಗೇ ಒಂದು ಸಣ್ಣ ಕುರ್ಚಿ ಇರುತ್ತದೆ, ಅದರಲ್ಲಿ ಬಾಗಿಲವರೆಗೆ ಬಿಡುತ್ತಾರೆ. ಅಲ್ಲಿಂದ ಒಳಗೆ ನಮ್ಮ ಪಾಡು. ಆ ಕುರ್ಚಿ ಇದೆಯಾ ಅಂತ ಮೊದಲೇ ಕೇಳಿ. ದೊಡ್ಡ, ಎರಡು ಐಲ್ ಇರುವ ವಿಮಾನ ಸಿಕ್ಕರೆ ಸ್ವಲ್ಪ ಅಗಲದ ಶೌಚಾಲಯ ಸಿಗುವ ಸಾಧ್ಯತೆ ಜಾಸ್ತಿ. ನೂರಿನ್ನೂರು ರೂಪಾಯಿ ಉಳಿಸುವುದಕ್ಕಿಂತ ಇದನ್ನು ನೋಡಿ ಟಿಕೆಟ್ ತೆಗೆಯಿರಿ. ವಿಮಾನ ಹತ್ತುವ ಮುಂಚೆ, ನಿಲ್ದಾಣದಲ್ಲಿ ಅಂಗವಿಕಲರಿಗೆಂದೇ ಇರುವ ಅಗಲ ಶೌಚಾಲಯಕ್ಕೆ ಹೋಗಲು ಸಮಯ ಇಟ್ಟುಕೊಳ್ಳಿ. ಎಷ್ಟೋ ಜನ ಹಿಂದಿನ ದಿನದಿಂದಲೇ ನೀರು ಕುಡಿಯುವುದು ಬಿಟ್ಟುಬಿಡುತ್ತಾರೆ. ಬೇಡ. ಅದರಲ್ಲೂ ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಮೂತ್ರದ ಸೋಂಕು ಬೇಗ ಆಗುತ್ತದೆ. ಕ್ಯಾತಿಟರ್ (ಮೂತ್ರ ಹೊರಬರುವ ನಳಿಕೆ), ಕಾಲಿಗೆ ಕಟ್ಟುವ ಚೀಲ, ಡೈಪರ್, ನಿಮಗೆ ಯಾವುದು ಹೊಂದುತ್ತದೋ ಅದನ್ನು ಡಾಕ್ಟರ ಹತ್ತಿರ ಮಾತಾಡಿ ಮನೆಯಲ್ಲೇ ಕೆಲವು ಗಂಟೆ ಹಾಕಿಕೊಂಡು ನೋಡಿ. ಪೋಲಿಯೋದಲ್ಲಿ ಸ್ಪರ್ಶ ಹೋಗಿರುವುದಿಲ್ಲ, ಒಂದೇ ಕಡೆ ಕೂತರೆ ನನಗೆ ನೋವು ಗೊತ್ತಾಗುತ್ತದೆ. ಬೆನ್ನುಹುರಿಯವರಿಗೆ ಗೊತ್ತಾಗುವುದಿಲ್ಲ, ಕೂತಲ್ಲೇ ಹುಣ್ಣು ಏಳುತ್ತದೆ. ಅವರು ತಮ್ಮ ಕುಶನ್ ಸೀಟಿನ ಮೇಲೆ ಹಾಕಿಕೊಂಡು, ಮಧ್ಯೆ ಮಧ್ಯೆ ಕೈಯೂರಿ ಮೈ ಎತ್ತುತ್ತಿರಬೇಕು.

ನಿಜ ಹೇಳಬೇಕೆಂದರೆ ನನಗೆ ಆಕಾಶದ ದಾರಿಗಿಂತ ನೆಲದ ದಾರಿಯೇ ಜಾಸ್ತಿ ಸುಸ್ತು ಮಾಡಿತು. ಕೊಪ್ಪಳದಿಂದ ದೇವನಹಳ್ಳಿ ನಿಲ್ದಾಣ 350 ಕಿಲೋಮೀಟರ್ ಆಸುಪಾಸು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಗಿನ ಜಾವ ಯಲಹಂಕ, ಅಲ್ಲಿಂದ ನಿಲ್ದಾಣ ಹತ್ತಿರ. ಅಂಗವಿಕಲರ ರೈಲ್ವೆ ರಿಯಾಯಿತಿ ಕಾರ್ಡ್ ಇದ್ದರೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ನಮಗೂ ಜೊತೆಗೆ ಬರುವವರಿಗೂ ಟಿಕೆಟ್‌ನಲ್ಲಿ ಶೇ. 75 ಕಡಿಮೆ. ಕಾರು ಮಾಡಿಕೊಂಡರೆ ದಾರಿಯಲ್ಲಿ ಮೆಟ್ಟಿಲಿಲ್ಲದ ಶೌಚಾಲಯ ಎಲ್ಲಿದೆ ಅಂತ ಮೊದಲೇ ಗುರುತು ಮಾಡಿಕೊಳ್ಳಬೇಕು. ರಾಯಚೂರಿನವರಿಗೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣವೇ ಹತ್ತಿರ.

ಸಿಂಗಪುರವನ್ನೇ ಆರಿಸಿದ್ದಕ್ಕೆ ಕಾರಣ ಅಲ್ಲಿನ ಬಸ್ಸು ರೈಲು. ಅಲ್ಲಿನ ಮೆಟ್ರೊ ರೈಲಾದ ಎಂಆರ್‌ಟಿಯ ಪ್ರತಿ ಸ್ಟೇಷನ್‌ನಲ್ಲೂ ಮೆಟ್ಟಿಲಿಲ್ಲದ ದಾರಿ ಇದೆ. 2020ರ ಕೊನೆಯಿಂದ ಅಲ್ಲಿನ ಎಲ್ಲ ಸಾರ್ವಜನಿಕ ಬಸ್ಸುಗಳಿಗೂ ವೀಲ್‌ಚೇರ್ ಹತ್ತುತ್ತದೆ. ಮೊದಲ ಸಲ ಬಸ್ಸು ಬಂದಾಗ ಚಾಲಕರೇ ಎದ್ದು ಬಂದು ಬಾಗಿಲಲ್ಲಿ ರ‍್ಯಾಂಪ್ ಬಿಡಿಸಿದರು, ನಾನು ಉರುಳಿಸಿಕೊಂಡು ಒಳಗೆ ಹೋದೆ. ಯಾರೂ ನನ್ನ ಕಂಕುಳಿಗೆ ಕೈ ಹಾಕಲಿಲ್ಲ. ಒಳಗೆ ಕೂತವರು ಯಾರೂ ತಿರುಗಿಯೂ ನೋಡಲಿಲ್ಲ. ತಂಗಿ ನನ್ನ ಮುಖ ನೋಡಿ ಕಣ್ಣೊರೆಸಿಕೊಂಡಳು. ಗಾರ್ಡನ್ಸ್ ಬೈ ದ ಬೇ ಅನ್ನುವ ತೋಟದಲ್ಲಿ ಕ್ಲೌಡ್ ಫಾರೆಸ್ಟ್ ಅಂತ ಗಾಜಿನ ಮನೆ ಇದೆ, ಅದರೊಳಗೆ 35 ಮೀಟರ್ ಎತ್ತರದ ಜಲಪಾತ, ಗಿಡಗಳಿಂದ ಮುಚ್ಚಿದ ಬೆಟ್ಟ. ಆ ಬೆಟ್ಟದ ಮೇಲಕ್ಕೆ ಲಿಫ್ಟ್ ಹೋಗುತ್ತದೆ. ನಮ್ಮ ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಕೆಳಗೆ ಕೂತು, ಮನೆಯವರು ಹತ್ತಿ ಇಳಿದು ಬರುವುದನ್ನು ಕಾಯುತ್ತಲೇ ಬೆಳೆದವಳು ನಾನು. ಇಲ್ಲಿ ಮೇಲೆ ನಿಂತು ಕೆಳಗೆ ನೋಡಿದೆ.

ಎಲ್ಲವೂ ಸಲೀಸು ಅಂತಲ್ಲ. ಲಿಟಲ್ ಇಂಡಿಯಾದ ಹಳೆಯ ಅಂಗಡಿಗಳ ಮುಂದಿನ ಜಗಲಿಗಳು ಒಂದೊಂದೂ ಒಂದೊಂದು ಎತ್ತರ, ಎಷ್ಟೋ ಕಡೆ ರಸ್ತೆಗೆ ಇಳಿಯಬೇಕಾಯಿತು. ಹೋಟೆಲಿನವರು "ಆಕ್ಸೆಸಿಬಲ್ ರೂಮ್ ಇದೆ" ಅಂದರೆ ನಂಬಿ ಕೂರಬೇಡಿ. ಬಚ್ಚಲಿನ ಫೋಟೋ ಕೇಳಿ, ಬಾಗಿಲು ಎಷ್ಟು ಸೆಂಟಿಮೀಟರ್ ಅಗಲ ಅಂತ ಕೇಳಿ, ಹೊಸ್ತಿಲು ಇದೆಯಾ, ಕಮೋಡಿನ ಪಕ್ಕ ಹಿಡಿಕೆ ಯಾವ ಕಡೆ ಇದೆ ಅಂತ ಕೇಳಿ.

"ಆ ರೊಕ್ಕದಾಗ ಕಾಲಿಗೇನಾರ ಟ್ರೀಟ್‌ಮೆಂಟ್ ಮಾಡಿಸ್ಕೊಬಹುದಿತ್ತಲ್ಲವಾ?" ಅಂತ ಕೇಳುವ ಹಿರಿಯರೂ ಇದ್ದಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ನನಗೆ ಗೊತ್ತು. ನನ್ನ ಕಾಲು ಹೀಗೇ ಇರುತ್ತದೆ, ದೊಡ್ಡಮ್ಮ. ದುಡಿದ ದುಡ್ಡಿನಲ್ಲಿ ಊರು ನೋಡುವ ಆಸೆ ನಿಮ್ಮ ಮಕ್ಕಳಿಗೆ ಇರುವಷ್ಟೇ ನನಗೂ ಇದೆ.

ವೀಲ್‌ಚೇರ್ ಮುರಿದು ಬಂದರೆ ಏನು ಗತಿ ಅನ್ನುವ ಭಯ ಸುಳ್ಳಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮ ಕುರ್ಚಿಯೂ ಬ್ಯಾಗೇಜ್ ಲೆಕ್ಕವೇ. ಪರಿಹಾರಕ್ಕೆ ಮಿತಿ ಇದೆ, 2024ರ ಡಿಸೆಂಬರ್ ಕೊನೆಯಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಲಕ್ಷ ರೂಪಾಯಿ. ನನ್ನ ಮಡಚುವ ಕುರ್ಚಿಗೆ ಅದು ಸಾಕು. ಬ್ಯಾಟರಿಯಲ್ಲಿ ಓಡುವ ದುಬಾರಿ ಪವರ್ ಚೇರ್‌ಗೆ ಸಾಲದು. ಅಂಥವರು ಚೆಕ್-ಇನ್‌ನಲ್ಲೇ ಅದರ ಬೆಲೆಯನ್ನು ಬರಹದಲ್ಲಿ ಘೋಷಿಸಬಹುದು, ಕಂಪನಿ ಅದಕ್ಕೆ ಹೆಚ್ಚುವರಿ ಹಣ ಕೇಳಬಹುದು. ಕುರ್ಚಿಯನ್ನು ಅವರ ಕೈಗೆ ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಇಳಿದ ಮೇಲೆ ಏನಾದರೂ ಮುರಿದಿದ್ದರೆ ನಿಲ್ದಾಣ ಬಿಡುವ ಮುಂಚೆಯೇ ದೂರು ಬರೆಸಿ.

ಮೊನ್ನೆ ಕನಕಗಿರಿ ಕಡೆಯ ಒಬ್ಬ ತಾಯಿ ಕೇಳಿದ್ದು ಇಂಥ ಕುರ್ಚಿಯ ವಿಷಯವೇ. ಮಗನಿಗೆ ಸ್ನಾಯು ದೌರ್ಬಲ್ಯ, ಬ್ಯಾಟರಿ ಕುರ್ಚಿ ಇದೆ, ದುಬೈನಲ್ಲಿರುವ ಸೋದರಮಾವನ ಮನೆಗೆ ಹೋಗುವ ಆಸೆ. ತಾಯಿ, ಟಿಕೆಟ್ ತೆಗೆಯುವ ಮುಂಚೆ ಬ್ಯಾಟರಿ ಮೇಲಿನ ಚೀಟಿಯ ಫೋಟೋ ತೆಗೆದು ಕಂಪನಿಗೆ ಕಳಿಸಿ, ಅವರ ಒಪ್ಪಿಗೆ ಬೇಕೇ ಬೇಕು. ಲಿಥಿಯಂ ಆಗಿದ್ದು, ಕುರ್ಚಿಯಿಂದ ಕಳಚುವಂಥದ್ದಾದರೆ ಅದನ್ನು ನಿಮ್ಮ ಕೈಯಲ್ಲೇ ವಿಮಾನದೊಳಗೆ ಒಯ್ಯಬೇಕು. ಒಂದೇ ಇದ್ದರೆ 300 ವ್ಯಾಟ್-ಅವರ್‌ವರೆಗೆ (ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನುವ ಅಳತೆ), ಎರಡು ಇದ್ದರೆ ಒಂದೊಂದೂ 160ರವರೆಗೆ. ಚೀಟಿಯಲ್ಲಿ ವೋಲ್ಟ್ ಮತ್ತು ಆಂಪ್-ಅವರ್ ಮಾತ್ರ ಇದ್ದರೆ ಎರಡನ್ನೂ ಗುಣಿಸಿ. 24 ವೋಲ್ಟ್, 10 ಆಂಪ್-ಅವರ್ ಆದರೆ 240. ಹೇಗೆ ಕಳಚಬೇಕು ಅನ್ನುವುದನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆಸಿ ಕುರ್ಚಿಗೆ ಅಂಟಿಸಿ. ಆ ಹಾಳೆ ಬರೆಯಲು ಕುರ್ಚಿ ಸಮೇತ ಮಗನನ್ನು ಒಂದು ಭಾನುವಾರ ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಬಾಗಿಲಲ್ಲಿ ರ‍್ಯಾಂಪ್ ಇದೆ.